ಕಸ್ತೂರಿಗೆ ಕನ್ನಡ ಬರುವುದಿಲ್ಲ

ವಕೀಲ ತಾತ್ಯಾಸಾಹೇಬರ ಅಂಗೈಯನ್ನು ನೋಡಬಾರದು ಎಂದುಕೊಂಡಷ್ಟೂ ಸುಗಂಧಾಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಎಡ ಅಂಗೈಯಲ್ಲಿ ತಂಬಾಕು, ಅದಕ್ಕೆ ಉಗುರಿನಿಂದ ಕೆರೆದು ಹಚ್ಚಿದ ಸುಣ್ಣ, ಅದರ ಮೇಲೆ ಬಲಗೈ ಹೆಬ್ಬೆರಳು ತಿಕ್ಕಿದ್ದೇ ತಿಕ್ಕಿದ್ದು. ಆ ಉಗುರಿನ ಸಂದಿಯಲ್ಲಿ ಎಷ್ಟು ವರ್ಷದ ಕರಿ ಕೂತಿತ್ತೋ ದೇವರಿಗೇ ಗೊತ್ತು. ಇದೇ ಬೆರಳುಗಳಿಂದ ಅವರು ಈಗ ತಾನೇ ಕಸ್ತೂರಿಯ ಗಲ್ಲ ಹಿಂಡಿ ‘ಶ್ಯಾಣೇ ಹುಡುಗಿ’ ಅಂದಿದ್ದರು. ಮಗಳ ಗಲ್ಲವನ್ನು ಸೆರಗಿನಿಂದ ಒರೆಸಬೇಕೆನಿಸಿತು. ಆದರೆ ಸೆರಗೂ ನೆಟ್ಟಗಿರಲಿಲ್ಲ. ಬೆಳಿಗ್ಗೆ ಕಾಗಲದಿಂದ ಬರುವಾಗ, ನಿಪ್ಪಾಣಿ ದಾಟುತ್ತಲೇ ಹುಡುಗಿ ಬಸ್ಸಿನಲ್ಲಿ ಕಾರಿಕೊಂಡಿದ್ದಳು. ಚಿಕ್ಕೋಡಿ ಸ್ಟ್ಯಾಂಡಿನ ನಳದ ಕೆಳಗೆ ಹಿಡಿದು ತಿಕ್ಕಿದರೂ ಸೆರಗಿನ ಅಂಚಿನಲ್ಲಿ ಹುಳಿ ವಾಸನೆ ಉಳಿದೇ ಇತ್ತು. ಕೋರ್ಟಿನ ಪಡಸಾಲೆಗೆ ಬಂದು ಕೂತಾಗಿನಿಂದ ತಾನೇ ಆ ವಾಸನೆಯಾಗಿ ಕೂತಿದ್ದೇನೆ ಅನಿಸುತ್ತಿತ್ತು ಅವಳಿಗೆ. ‘ಇನ್ನೊಂದ ಸಲ ಹೇಳ ನೋಡೂಣು,’ ಅಂದರು ತಾತ್ಯಾಸಾಹೇಬರು, ತಂಬಾಕನ್ನು ಕೆಳದುಟಿಯೊಳಗೆ ಇಟ್ಟುಕೊಳ್ಳುತ್ತ. ಕಸ್ತೂರಿ ಬೆಂಚಿನ ಮೇಲಿಂದ ಕಾಲು ಇಳಿಬಿಟ್ಟು, ಸಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ ಒಪ್ಪಿಸಿದಳು: ‘ಮಲಾ ಕನ್ನಡ ಯೇತ ನಾಹೀ. ಮಲಾ ಆಯೀಜವಳ ರಾಹಾಯಚಂ ಆಹೇ.’ ನನಗೆ ಕನ್ನಡ ಬರುವುದಿಲ್ಲ, ನಾನು ತಾಯಿಯ ಹತ್ತಿರವೇ ಇರಬೇಕು. ಒಂದು ಅಕ್ಷರ ತಪ್ಪಲಿಲ್ಲ. ವಕೀಲರು ತಲೆದೂಗಿದರು. ಸುಗಂಧಾಳಿಗೆ ಹೆಮ್ಮೆಯಾಯಿತು, ಹೆಮ್ಮೆಯಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು.

ಐದು ವರ್ಷದ ಹಿಂದೆ ಗಂಡನ ಊರಾದ ಕಬ್ಬೂರಿನ ಹಿರಿಯರು ಕೂತು ಮಾಡಿದ ಒಪ್ಪಂದ ಇಂದು ಅವಳನ್ನು ಈ ಬೆಂಚಿಗೆ ತಂದಿತ್ತು. ಆ ಊರಿನಲ್ಲಿ ಎಮ್ಮೆಯ ಕರುವನ್ನು ಪಾಲಿಗೆ ಕೊಡುವ ಪದ್ಧತಿ ಇದೆ. ಸಾಕುವವರು ಸಾಕಬೇಕು, ಮೇವು ನೀರು ನೋಡಬೇಕು, ಕರು ದೊಡ್ಡದಾದ ಮೇಲೆ ಒಡೆಯನಿಗೆ ತಂದು ಒಪ್ಪಿಸಬೇಕು. ಕಬ್ಬಿನ ಗದ್ದೆಯ ಆ ಹಿರಿಯರಿಗೆ ಮೂರು ವರ್ಷದ ಹೆಣ್ಣು ಕೂಸಿನ ವಿಷಯದಲ್ಲೂ ಅದಕ್ಕಿಂತ ಬೇರೆ ಏನೂ ಹೊಳೆದಿರಲಿಲ್ಲ. ‘ಏಳ ತುಂಬೂತನಕ ತಾಯಿ ಕಡೆ ಇರಲಿ, ಆಮ್ಯಾಲ ಅವರಪ್ಪಗ ಒಪ್ಪಸೂದು’ ಅಂದರು, ವೀಳ್ಯದೆಲೆ ಹಾಕಿಕೊಂಡರು, ಎದ್ದರು. ಅದನ್ನೇ ಈ ಕೋರ್ಟಿನಲ್ಲಿ ರಾಜಿ ಎಂದು ದಾಖಲು ಮಾಡಿಸಿದರು. ಸುಗಂಧಾಳೂ ಸಹಿ ಹಾಕಿದಳು. ಆಗ ಅವಳಿಗೆ ಆ ಮನೆಯಿಂದ ಹೊರಬಿದ್ದರೆ ಸಾಕಾಗಿತ್ತು. ಏಳು ತುಂಬುವ ದಿನ ಇನ್ನೊಬ್ಬರ ಜನ್ಮದಲ್ಲಿ ಬರುವಂಥದು ಅನಿಸಿತ್ತು. ಕಾಗಲಕ್ಕೆ ಬಂದು ಬಾಲವಾಡಿಯಲ್ಲಿ ಕೆಲಸ ಹಿಡಿದಳು, ತಾಯಿ ಕಾಳವ್ವನನ್ನು ಕರೆಸಿಕೊಂಡಳು, ಮಗಳನ್ನು ಮರಾಠಿ ಸಾಲೆಗೆ ಹಾಕಿದಳು, ಅಲ್ಲಿ ಬೇರೆ ಸಾಲೆಯಾದರೂ ಎಲ್ಲಿತ್ತು. ನಡುವೆ ಇರುವುದು ಗಡಿಯ ಒಂದು ಕೊಗನೊಳ್ಳಿ ನಾಕಾ, ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಆದರೂ ಬೇರೆ ರಾಜ್ಯ, ಬೇರೆ ಸರಕಾರ. ಆ ಐದು ವರ್ಷದಲ್ಲಿ ಗಂಡ ಲಗಮಣ್ಣ ಬಂದದ್ದು ಎರಡೇ ಸಲ. ಬಂದಾಗಲೂ ಹೊಸ್ತಿಲ ಬಳಿ ಕೂತು, ಚಹಾ ಕುಡಿದು, ಅಜ್ಜಿಯ ಬೆನ್ನ ಹಿಂದೆ ಅಡಗಿದ ಮಗಳನ್ನು ಕಣ್ಣಲ್ಲೇ ನೋಡಿಕೊಂಡು ಎದ್ದು ಹೋಗಿದ್ದ. ಮೊದಲೇ ಮಾತಿನ ಬಡವ. ಈಗ ಹುಡುಗಿಗೆ ಎಂಟು. ಕರು ದೊಡ್ಡದಾಯಿತು, ಒಪ್ಪಿಸಿ ಎಂದು ಅವನು ಅರ್ಜಿ ಹಾಕಿದ್ದ. ಒಪ್ಪಂದ ಬದಲಿಸಿ, ಮಗಳು ನನ್ನ ಹತ್ತಿರವೇ ಇರಲಿ ಎಂದು ಇವಳು ಹಾಕಿದ್ದಳು. ಇವತ್ತು ಜಡ್ಜ್ ಸಾಹೇಬರು ಹುಡುಗಿಯನ್ನೇ ಕರೆದು ಕೇಳುವವರಿದ್ದರು. ಹುಡುಗಿ ತಪ್ಪಿದರೆ ಇವತ್ತಲ್ಲ ನಾಳೆ ಸುಗಂಧಾ ಆ ನಾಕಾ ದಾಟಿ ಒಬ್ಬಳೇ ಮನೆಗೆ ಹೋಗಬೇಕಾಗಿತ್ತು.

‘ಗಂಡ ಕುಡೀತಾನ, ಬಡೀತಾನ ಅಂತ ಬರಸೂಣ್ರಿ ಬಾಯಾರ, ಎಲ್ಲಾರೂ ಅದನ್ನ ಬರಸ್ತಾರ,’ ಅಂದಿದ್ದರು ತಾತ್ಯಾಸಾಹೇಬರು ಮೊದಲ ದಿನ. ‘ಅವರ ನನ್ನ ಮ್ಯಾಲೆ ಕೈ ಎತ್ತಿಲ್ರಿ. ಕುಡದದ್ದೂ ನಾ ಕಂಡಿಲ್ಲ. ಇಲ್ಲದ್ದು ಹೇಳಾಕ ನನಗ ಆಗೂದಿಲ್ಲ,’ ಅಂದಿದ್ದಳು ಸುಗಂಧಾ, ಕುತ್ತಿಗೆ ನೆಟ್ಟಗೆ ಮಾಡಿಕೊಂಡು. ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ತನ್ನ ಬಗ್ಗೆ ತನಗೇ ಎಂಥ ಗೌರವ. ಕೈ ಎತ್ತಿದವನು ಭಾವ, ಮುರಗೆಪ್ಪ. ಕಬ್ಬು ಕಡಿಯುವ ಆಳುಗಳಿಗೆ ರೊಟ್ಟಿ ತಡವಾಯಿತೆಂದು ಅಡುಗೆ ಮನೆಗೆ ಬಂದು ಕೆನ್ನೆಗೆ ಬಾರಿಸಿದ್ದ. ಲಗಮಣ್ಣ ಅಲ್ಲೇ ಉಣ್ಣುತ್ತ ಕೂತಿದ್ದ. ತಲೆ ಎತ್ತಲಿಲ್ಲ. ರೊಟ್ಟಿ ಮುರಿದ, ಪುಂಡಿಪಲ್ಯ ಹಚ್ಚಿಕೊಂಡ, ಬಾಯಿಗಿಟ್ಟುಕೊಂಡ, ಅಗಿದ. ಕೆನ್ನೆ ಉರಿಯುತ್ತಿದ್ದುದು ಎಂದೋ ಮರೆತುಹೋಗಿದೆ. ಆ ಅಗಿಯುವ ಸದ್ದು ಮಾತ್ರ, ಒಣ ರೊಟ್ಟಿ ಹಲ್ಲಿಗೆ ಸಿಕ್ಕಿ ಪುಡಿಯಾಗುವ ಸದ್ದು, ಎಷ್ಟೋ ರಾತ್ರಿ ಕಿವಿಯಲ್ಲಿ ಅಗಿದಿದೆ. ಅಂಥವನ ಎದುರು ನಿಂತು ಕೂಡ ಸುಳ್ಳು ಹೇಳಲು ಒಲ್ಲೆ ಅಂದವಳು ತಾನು. ತಾತ್ಯಾಸಾಹೇಬರು ನಕ್ಕಿದ್ದರು: ‘ಆತ್ರಿ, ಹಂಗಾರ ಅದ ಬ್ಯಾಡ. ಹುಡುಗಿ ಮರಾಠಿ ಸಾಳ್ಯಾಗ ಓದತೈತಿ ಹೌದಲ್ರಿ? ಕನ್ನಡ ಬರೂದಿಲ್ಲ ಅನ್ನೂಣು. ಕಬ್ಬೂರಾಗ ಹೋಗಿ ಮೂಕರಂಗ ಕುಂಡ್ರತೈತಿ, ಸಾಳಿ ಹಾಳಾಗತೈತಿ. ಯಾರ ಮರ್ಯಾದಿನೂ ಹೋಗೂದಿಲ್ಲ, ಕೆಲಸಾನೂ ಆಗತೈತಿ.’ ಯಾರ ಮರ್ಯಾದೆಯೂ ಹೋಗುವುದಿಲ್ಲ ಎನ್ನುವುದು ಅವಳಿಗೆ ಹಿಡಿಸಿತು. ದೊಡ್ಡ ಸುಳ್ಳಿಗೆ ಒಲ್ಲೆ ಅಂದವರಿಗೆ ಸಣ್ಣದೊಂದು ಸುಳ್ಳಿನ ಹಕ್ಕಿರುತ್ತದೆ ಎಂಬಂತೆ ಒಪ್ಪಿಕೊಂಡುಬಿಟ್ಟಳು.

ಮನೆಯಲ್ಲಿ ಅದು ಮೊದಲು ಆಟವೇ ಆಗಿತ್ತು. ಕೋರ್ಟಿನ ದಿನ ಬಾಯಿ ತಪ್ಪಬಾರದೆಂದು ಮನೆಯೊಳಗೂ ಕನ್ನಡ ಬಂದ್ ಮಾಡಿದ್ದಳು ಸುಗಂಧಾ. ‘ಅವ್ವ’ ಅಂದರೆ ತಿರುಗಿ ನೋಡುತ್ತಿರಲಿಲ್ಲ. ‘ಆಯೀ’ ಅಂದರೆ ಮಾತ್ರ ಓ ಅನ್ನುತ್ತಿದ್ದಳು. ಕಸ್ತೂರಿಗೆ ಎರಡು ದಿನದಲ್ಲಿ ರೂಢಿಯಾಯಿತು, ಮಕ್ಕಳಿಗೆ ಇಂಥದು ಬೇಗ ಹತ್ತುತ್ತದೆ. ಕಷ್ಟವಾದದ್ದು ಕಾಳವ್ವನಿಗೆ. ಆ ಮುದುಕಿಗೆ ಮರಾಠಿಯಲ್ಲಿ ಬರುತ್ತಿದ್ದದ್ದು ತರಕಾರಿಯವಳನ್ನು ಬೈಯುವಷ್ಟೇ. ಮೊಮ್ಮಗಳ ತಲೆ ಬಾಚುತ್ತ ಕಥೆ ಹೇಳುವುದು, ಉಣ್ಣುವಾಗ ಬೈಯುವುದು, ಮಲಗುವಾಗ ಬೆನ್ನು ತಟ್ಟುತ್ತ ಏನೇನೋ ಗೊಣಗುವುದು ಎಲ್ಲ ನಿಂತುಹೋಯಿತು. ‘ನಾಲಿಗಿ ಕಟ್ಟಿ ನನ್ನ ಮೂಲ್ಯಾಗ ಕುಂಡ್ರಿಸಿದೆಲ್ಲಬೇ,’ ಅಂದಳು ಮಗಳಿಗೆ. ‘ಕೂಸಿಗೆ ನೀರ ಬೇಕ ಅಂದ್ರ ನಾ ಏನಂತ ತಿಳೀಲಿ?’ ‘ಒಂದ ತಿಂಗಳದ್ದು ಯವ್ವಾ, ಕೂಸ ಉಳೀಬೇಕೋ ಬ್ಯಾಡೋ?’ ಅಂದಿದ್ದಳು ಸುಗಂಧಾ. ಕಾಳವ್ವ ಅಂದಿನಿಂದ ಹಿತ್ತಲಿನ ಕೋಳಿಗಳ ಮುಂದೆ ಕೂತು ಅವುಗಳೊಂದಿಗೆ ಮಾತಾಡತೊಡಗಿದಳು. ಕಸ್ತೂರಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು ಕಿಸಕ್ಕೆಂದು ನಕ್ಕು, ಥಟ್ಟನೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಗುವುದಕ್ಕೂ ಅರ್ಥವಾಗಬೇಕಲ್ಲ, ಅದನ್ನೂ ಸುಗಂಧಾಳೇ ಹೇಳಿಕೊಟ್ಟಿದ್ದಳು: ಕನ್ನಡದಲ್ಲಿ ಯಾರಾದರೂ ನಗೆಯ ಮಾತು ಆಡಿದರೆ ನಗಬಾರದು.

ಲಗಮಣ್ಣ ಬಂದ. ಪಡಸಾಲೆಯ ಆ ತುದಿಯಲ್ಲಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತದ್ದು ಕಂಡಿತು. ಐದು ವರ್ಷದಲ್ಲಿ ನೆತ್ತಿ ಬೋಳಾಗಿತ್ತು, ಅಂಗಿಯ ಕೊರಳಪಟ್ಟಿಯ ಒಳಗೆ ಬೆವರಿನ ಕಂದು ಗೆರೆ. ಆ ಗೆರೆಯನ್ನು ತಿಕ್ಕಿ ತೆಗೆಯುತ್ತಿದ್ದವಳು ತಾನೇ ಎಂಬುದು ಸುಗಂಧಾಳಿಗೆ ನೆನಪಾಯಿತು. ಅವನು ಹತ್ತಿರ ಬಂದು ಇವಳನ್ನು ನೋಡದೆ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ‘ಕಸ್ತೂರೆವ್ವಾ,’ ಅಂದ. ‘ಉಂಡಿಯೇನ ಮಗಾ?’ ಹುಡುಗಿ ಅವನನ್ನು ನೋಡಿದಳು. ಅರ್ಥವಾಗದವರು ಹೇಗೆ ನೋಡುತ್ತಾರೋ ಹಾಗೆಯೇ, ಹುಬ್ಬನ್ನು ತುಸುವೇ ಮೇಲೆತ್ತಿ, ತುಟಿಯನ್ನು ತುಸುವೇ ತೆರೆದು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿ ‘ಆಯೀ, ಕಾಯ ಮ್ಹಣತಾತ ಹೇ?’ ಏನು ಹೇಳುತ್ತಿದ್ದಾರೆ ಇವರು, ಎಂದು ಕೇಳಿದಳು. ಲಗಮಣ್ಣನ ಮುಖ ಸಪ್ಪಗಾಯಿತು. ಅವನು ಎರಡೂ ಕೈಗಳಿಂದ ಮೊಣಕಾಲು ತಿಕ್ಕಿಕೊಂಡ, ಗಂಟಲು ಸರಿಮಾಡಿಕೊಂಡ. ಅವನಿಗೂ ಒಂದಿಷ್ಟು ಮರಾಠಿ ಗೊತ್ತಿತ್ತು; ಬೆಲ್ಲ ಹೇರಿಕೊಂಡು ನಿಪ್ಪಾಣಿ ಪೇಟೆಗೆ ಹೋಗುತ್ತಿದ್ದವನು, ದಲಾಲರ ಸಂಗಡ ದರ ಮಾತಾಡುವಷ್ಟು. ಆ ಪೇಟೆಯ ಮಾತಿನೊಳಗೆ ಕೈಯಾಡಿಸಿ ಮಗಳಿಗೆ ಕೊಡುವಂಥದು ಏನಾದರೂ ಇದೆಯೇ ಎಂದು ಹುಡುಕಿದ. ‘ಬಾಳ,’ ಅಂದ ಕೊನೆಗೆ, ‘ಜೇವಣ ಝಾಲಂ ಕಾ?’ ಮಗೂ, ಊಟವಾಯಿತೇ. ಕಸ್ತೂರಿ ‘ಹೋ’, ಹೌದು, ಅಂದಳು, ಹೊರಗಿನವರಿಗೆ ಹೇಳುವಂತೆ, ಮೆಲ್ಲಗೆ. ಅವನ ಮೀಸೆಯ ಕೆಳಗೆ ನಗು ಮೂಡಿತು. ಅಷ್ಟು ಉತ್ತರ ಬಂದದ್ದೇ ಅವನಿಗೆ ದೊಡ್ಡದಾಗಿತ್ತು. ಅಪ್ಪನಾದವನು ದಲಾಲರ ಮುಂದೆ ಕೂತಂತೆ ಮಗಳ ಮುಂದೆ ಕೂತು ಇನ್ನೊಂದು ಮಾತು ಸಿಗದೆ ಬೆವರುತ್ತಿದ್ದ. ಸುಗಂಧಾ ಮುಖ ತಿರುಗಿಸಿ ಕೋರ್ಟಿನ ಗೋಡೆಯ ಮೂಲೆ ನೋಡಿದಳು. ಅಲ್ಲಿ ಎಷ್ಟೋ ವಕೀಲರು ಕಕ್ಷಿದಾರರು ಉಗಿದ ಎಲೆಯಡಿಕೆ ತಂಬಾಕಿನ ರಸ ನೆಲದಿಂದ ಸೊಂಟದ ಎತ್ತರದವರೆಗೆ ಒಣಗಿ ಹಕ್ಕಳೆಗಟ್ಟಿತ್ತು. ನೋಡುವುದಕ್ಕೆ ಅದೇ ವಾಸಿ ಅನಿಸಿತು.

ಜವಾನ ಬಂದು ಹುಡುಗಿಯನ್ನು ಜಡ್ಜರ ಕೋಣೆಗೆ ಕರೆದೊಯ್ದ. ತಂದೆ ತಾಯಿ ಹೊರಗೇ ಇರಬೇಕೆಂದ. ಕೋಣೆಗೆ ಇದ್ದದ್ದು ಅರ್ಧ ಬಾಗಿಲು, ಮಾತೆಲ್ಲ ಹೊರಗೆ ಕೇಳುತ್ತಿತ್ತು. ಐದು ವರ್ಷದ ಮೇಲೆ ಗಂಡ ಹೆಂಡತಿ ಅಕ್ಕಪಕ್ಕ ನಿಂತದ್ದು ಅಲ್ಲಿ, ಆ ಬಾಗಿಲಿಗೆ ಕಿವಿಗೊಟ್ಟು. ಜಡ್ಜರು ಮೈಸೂರು ಕಡೆಯವರು, ‘ಪುಟ್ಟಿ, ಹೆದರ್ಕೋಬೇಡಮ್ಮ. ಯಾರ ಜೊತೆ ಇರೋಕೆ ಇಷ್ಟ ನಿಂಗೆ?’ ಅಂದರು. ಒಳಗೆ ಫ್ಯಾನು ಕಿರುಗುಟ್ಟಿತು. ಜಡ್ಜರು ಮತ್ತೆ ಕೇಳಿದರು. ಶಿರಸ್ತೇದಾರ ಧರೆಪ್ಪ ‘ಮರಾಠಿ ಸಾಳಿ ಹುಡುಗಿ ಐತ್ರಿ ಸಾಹೇಬ್ರ, ನಾ ಕೇಳತೀನಿ ತಡೀರಿ’ ಅಂದು ಮರಾಠಿಯಲ್ಲಿ ಕೇಳಿದ. ಈ ಕಡೆಯ ಕೋರ್ಟಿನಲ್ಲಿ ಅದು ದಿನನಿತ್ಯದ ಮಾತು, ಯಾರಿಗೂ ಹುಬ್ಬೇರಿಸಬೇಕು ಅನಿಸುವುದಿಲ್ಲ. ‘ಮಲಾ ಕನ್ನಡ ಯೇತ ನಾಹೀ,’ ಎಂದು ಕಸ್ತೂರಿಯ ದನಿ ಗಂಟೆಯ ಹಾಗೆ ಕೇಳಿಸಿತು.

ಲಗಮಣ್ಣ ಇವಳ ಕಡೆ ತಿರುಗಿದ. ಅವನ ಬಾಯಿಂದ ಈರುಳ್ಳಿಯ ವಾಸನೆ ಬಂತು. ‘ಮನ್ಯಾಗೂ ಅಕೀ ಜೋಡಿ ಮರಾಠಿನ ಮಾತಾಡ್ತೀ?’ ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೈಗುಳವಿರಲಿಲ್ಲ. ಇಲ್ಲಿಯವರೆಗೆ ಸುಗಂಧಾ ತಾನಾಗಿ ಒಂದು ಸುಳ್ಳನ್ನೂ ಆಡಿರಲಿಲ್ಲ. ಬರೆದವರು ವಕೀಲರು, ಆಡುತ್ತಿರುವವಳು ಮಗಳು. ‘ಹೂಂ,’ ಅಂದಳು. ‘ಮತ್ತ ಕಾಳವ್ವತ್ತಿ?’ ‘ಅವ್ವನೂ ಕಲತಾಳ.’ ಅಷ್ಟು ಸಲೀಸಾಗಿ ಬಂತು ಅದು. ಸಿಹಿ ಮಂಡಿಗೆ ಕರಗಿದಂತೆ ಬಾಯಲ್ಲಿ ಕರಗಿತು. ಲಗಮಣ್ಣ ಬೆರಗಾಗಿ ಇವಳನ್ನೇ ನೋಡಿದ. ‘ಈ ವಯಸ್ಸಿನ್ಯಾಗ?’ ಅಂದ. ಸ್ವಲ್ಪ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ‘ಹಂಗಾರ ನಾನೂ ಕಲೀಬಹುದಲ್ಲ,’ ಅಂದ ತನಗೆ ತಾನೇ ಎಂಬಂತೆ. ಬೈಯಬಾರದೇ ಈ ಮನುಷ್ಯ, ಅನಿಸಿತು ಸುಗಂಧಾಳಿಗೆ. ನಾಲ್ಕು ಮಂದಿಯ ಮುಂದೆ ಬಾಯಿಗೆ ಬಂದದ್ದು ಅಂದು, ಕಬ್ಬೂರಿನ ಗಂಡಸು ತಾನೆಂದು ತೋರಿಸಿಕೊಳ್ಳಬಾರದೇ. ನಂಬುತ್ತಾನಲ್ಲ, ಇಷ್ಟೊಂದು ಬೇಗ ನಂಬುತ್ತಾನಲ್ಲ. ಅವನ ನಂಬಿಕೆ ಅವಳಿಗೆ ಎಂಜಲ ಕೈ ಮುಟ್ಟಿದಂತೆ ಅಸಹ್ಯವಾಯಿತು. ಅಸಹ್ಯ ಅವನ ಮೇಲಲ್ಲವೆಂದು ಗೊತ್ತಿದ್ದೂ ಅವನ ಈರುಳ್ಳಿ ಬಾಯಿ, ಬೋಳು ನೆತ್ತಿ, ಕೊರಳಿನ ಕಂದು ಗೆರೆ ಎಲ್ಲವನ್ನೂ ಒಂದೊಂದಾಗಿ ದ್ವೇಷಿಸಿಕೊಂಡು ನಿಂತಳು.

ಇಬ್ಬರನ್ನೂ ಒಳಗೆ ಕರೆದರು. ಹುಡುಗಿ ಮಾತಾಡಲಾರದ ಮನೆಗೆ ಅವಳನ್ನು ಕಳಿಸುವುದು ಕಷ್ಟ, ಆದರೂ ಹಳೆಯ ರಾಜಿ ಇದೆ, ನಿಮ್ಮ ಮಾತೇನು ಎಂದು ಜಡ್ಜರು ಲಗಮಣ್ಣನನ್ನು ಕೇಳಿದರು. ಅವನ ವಕೀಲರು ಎದ್ದು ಏನೋ ಹೇಳಹೊರಟರು. ಲಗಮಣ್ಣ ಕೈ ಮುಗಿದ. ‘ಸಾಹೇಬ್ರ, ನಮ್ಮ ಮನ್ಯಾಗ ಎಲ್ಲಾರೂ ಕನ್ನಡದಾವ್ರು. ನಮ್ಮವ್ವಗ ಮರಾಠಿ ತಿಳಿಯೂದಿಲ್ರಿ. ನಾ ಹೊಲಕ್ಕ ಹ್ವಾದ್ರ ಹೊಳ್ಳಿ ಸಂಜೀಕ ಬರಾಂವ. ಕೂಸಿಗೆ ಹೊಟ್ಟಿ ನೋಯ್ತಂದ್ರ ಯಾರ ಮುಂದ ಹೇಳೀತ್ರಿ ಅದು? ಅಲ್ಲೇ ಇರಲಿ. ನಾ ಹೋಗಿ ನೋಡ್ಕೊಂಡ ಬರ್ತೀನಿ.’ ಹುಡುಗಿ ಧರೆಪ್ಪನ ಮೇಜಿನ ಪಕ್ಕ ನಿಂತು, ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ. ಎಂಟು ವರ್ಷದ ಕೂಸು ಹೀಗೆ ನಿಲ್ಲಬಹುದೇ ಎಂದು ಸುಗಂಧಾ ಅವಳನ್ನೇ ನೋಡಿದಳು. ಜಡ್ಜರು ಒಪ್ಪಂದ ಬದಲಿಸಿ ಬರೆಸಿದರು: ಮಗಳು ತಾಯಿಯ ಹತ್ತಿರವೇ ಇರತಕ್ಕದ್ದು, ತಂದೆ ರವಿವಾರ ಕಾಗಲಕ್ಕೆ ಹೋಗಿ ನೋಡಬಹುದು. ಹೊರಗೆ ಬಂದ ತಾತ್ಯಾಸಾಹೇಬರು ಮೂಲೆಗೆ ಹೋಗಿ ಪಿಚಕ್ಕೆಂದು ಉಗಿದು ಬಂದು, ‘ನಾ ಹೇಳಲಿಲ್ಲೇನ್ರಿ ಬಾಯಾರ, ಯಾರ ಮರ್ಯಾದಿನೂ ಹೋಗಲಿಲ್ಲ’ ಅಂದರು.

ಕಾಗಲದ ಮೇಲೆ ಹೋಗುವ ಕೊಲ್ಹಾಪುರದ ಬಸ್ಸು ತುಂಬಿತ್ತು. ಹೇಗೋ ಕಿಟಕಿಯ ಪಕ್ಕ ಕಸ್ತೂರಿಗೆ ಜಾಗ ಸಿಕ್ಕಿತು. ಲಗಮಣ್ಣ ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದಿದ್ದ, ಬೇಡ ಅನ್ನಲು ಸುಗಂಧಾಳಿಗೆ ಬಾಯಿರಲಿಲ್ಲ. ಬಸ್ಸು ಗೇಟಿನವರೆಗೆ ಹೋಗಿ ನಿಂತಿತು, ರಸ್ತೆಯ ತುಂಬ ಕಾರಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು. ಅವನೂ ಬಸ್ಸಿನ ಸಂಗಡ ನಡೆದು ಬಂದು ಕಿಟಕಿಯಿಂದ ಏಳೆಂಟು ಹೆಜ್ಜೆ ಆಚೆ ನಿಂತ. ಟ್ರ್ಯಾಕ್ಟರೊಂದು ಹೇರು ಓಲಾಡಿಸುತ್ತ ಬಸ್ಸಿನ ಮೈಗೆ ಮೈ ಹಚ್ಚಿ ಬಂತು. ಈ ಕಡೆಯ ಮಕ್ಕಳೆಲ್ಲ ಮಾಡುವ ಕೆಲಸವನ್ನೇ ಕಸ್ತೂರಿ ಮಾಡಿದಳು. ಒಂದು ಕಬ್ಬು ಎಳೆದುಕೊಳ್ಳೋಣವೆಂದು ಸರಳುಗಳ ನಡುವಿನಿಂದ ತೋಳನ್ನು ಭುಜದವರೆಗೂ ಹೊರಗೆ ಚಾಚಿದಳು. ಸುಗಂಧಾ ಟಿಕೀಟಿನ ಚಿಲ್ಲರೆ ಹುಡುಕುತ್ತಿದ್ದಳು, ನೋಡಲಿಲ್ಲ. ‘ಕೈ ಒಳಗ ತಗೋಬೇ! ಒಳಗ ತಗೋ!’ ಎಂದು ಲಗಮಣ್ಣ ಕಿರುಚಿದ. ‘ತಗೊಂಡಿನಲ್ಲಾ!’ ಎಂದು ಕಸ್ತೂರಿ ತೋಳೆಳೆದುಕೊಂಡು, ಅಜ್ಜಿಗೆ ರೇಗುವ ದನಿಯಲ್ಲೇ ರೇಗಿದಳು. ಹೇರು ಕಿಟಕಿಯ ಸರಳನ್ನು ಕೆರೆದುಕೊಂಡು ಹೋಯಿತು, ಕಬ್ಬಿನ ಒಣಗರಿ, ರವದಿ, ಒಳಗೆಲ್ಲ ಉದುರಿತು.

ಟ್ರ್ಯಾಕ್ಟರು ದಾಟಿದ ಮೇಲೆ ನೋಡಿದರೆ ಲಗಮಣ್ಣ ಇದ್ದಲ್ಲೇ ಇದ್ದ. ಅವನು ಮಗಳನ್ನು ನೋಡಿದ, ಆಮೇಲೆ ಸುಗಂಧಾಳನ್ನು ನೋಡಿದ. ಮೂವರಿಗೂ ಗೊತ್ತಾಗಿತ್ತು. ಕೋರ್ಟು ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು, ಜಡ್ಜರು ಇನ್ನೂ ಎದ್ದಿರಲಿಕ್ಕಿಲ್ಲ. ಅವನು ಬಸ್ಸಿಗೆ ಅಡ್ಡ ನಿಂತು ಒಂದು ಮಾತು ಅಂದರೆ ಮುಗಿಯಿತು, ನಿಪ್ಪಾಣಿಯವರೆಗೂ ಈ ಬಸ್ಸಿನ ಮಂದಿಗೆ ಬೇರೆ ಸುದ್ದಿ ಬೇಕಿರಲಿಲ್ಲ. ಕೂಗಲಿ, ತಾನು ಎಂಥವಳೆಂಬುದನ್ನು ಕನ್ನಡದಲ್ಲೇ ಕೂಗಿ ಹೇಳಲಿ ಎಂದು ಒಂದು ಕ್ಷಣ ಸುಗಂಧಾಳಿಗೆ ನಿಜವಾಗಿ ಅನಿಸಿತು. ಮರುಕ್ಷಣ ಮಗಳ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕಸ್ತೂರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಅವಳ ಕಣ್ಣು ತುಂಬ ಹೆದರಿಕೆ. ಲಗಮಣ್ಣ ಅದನ್ನು ನೋಡಿದ. ಕಿಟಕಿಯ ಹತ್ತಿರ ಬಂದ. ತುಟಿ ಒದ್ದೆ ಮಾಡಿಕೊಂಡ, ಮತ್ತೆ ಆ ಪೇಟೆಯ ಮಾತಿನೊಳಗೆ ಹುಡುಕಿದ. ‘ಸಾಂಭಾಳೂನ ಜಾ, ಬಾಳ,’ ಅಂದ. ‘ರವಿವಾರೀ ಯೇತೋ ಮೀ.’ ಜೋಪಾನವಾಗಿ ಹೋಗು, ರವಿವಾರ ಬರುತ್ತೇನೆ. ಹುಡುಗಿ ಬಾಯಿಂದ ಕೈ ತೆಗೆದು ‘ಹೋ’ ಅಂದಳು.

ಬಸ್ಸು ಹೊರಟಿತು. ಮಾತಾಡಬೇಕಾದಾಗ ಆಡಲಿಲ್ಲವೆಂದು ಬಿಟ್ಟು ಬಂದಿದ್ದಳು ಇವನನ್ನು. ಇವತ್ತೂ ಅವನು ಆಡಲಿಲ್ಲ, ಅದಕ್ಕೇ ಮಗಳು ಪಕ್ಕದಲ್ಲಿ ಕೂತಿದ್ದಾಳೆ. ಇದು ಅವನ ದೊಡ್ಡತನವೋ, ಹಳೆಯ ಹೇಡಿತನವೋ, ಯಾವುದಾದರೂ ತಾನು ಅದನ್ನು ನುಂಗಿಯಾಗಿತ್ತು. ಥೂ, ಅಂದುಕೊಂಡಳು, ಯಾರಿಗೆಂದು ಗೊತ್ತಾಗದೆ. ಕಸ್ತೂರಿ ಮೈಮೇಲಿನ ರವದಿಯನ್ನು ಒಂದೊಂದಾಗಿ ಆರಿಸಿ ಕಿಟಕಿಯಾಚೆ ಬಿಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಾಯಿಯ ಕಿವಿಗೆ ಬಾಯಿ ತಂದಳು. ‘ಅವ್ವಾ, ಅವರಿಗೆ ಗೊತ್ತಾತಲ್ಲ? ಮತ್ಯಾಕ ಮರಾಠಿ ಮಾತಾಡಿದ್ರು?’

‘ಸುಮ್ನ ಕುಂಡ್ರು, ಮಂದಿ ಕೇಳತಾರ.’

‘ರವಿವಾರ ಬರ್ತಾರಲ್ಲ, ಆವಾಗ ನಾ ಹ್ಯಾಂಗ ಮಾತಾಡ್ಲಿ?’

ಸುಗಂಧಾ ಕಿಟಕಿಯ ಹೊರಗೆ ನೋಡಿದಳು. ತೀರ್ಪಾಗಿತ್ತು, ವಕೀಲರು ಮನೆಗೆ ಹೋಗಿದ್ದರು, ಅವಳನ್ನು ಈಗ ಯಾರೂ ಒತ್ತಾಯಿಸುತ್ತಿರಲಿಲ್ಲ.

‘ಮರಾಠಿನ ಮಾತಾಡು,’ ಅಂದಳು.